ಸ್ವಾಮಿನಾಥನ್‌ಗೆ ಭಾರತ ರತ್ನ: ಅರ್ಧ ಸಂದ ಗೌರವ

ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರಿಗೆ 2024ರಲ್ಲಿ ಮರಣೋತ್ತರ ಭಾರತ ರತ್ನ ಸಂದಿತು. ಸಲ್ಲಲೇಬೇಕಿತ್ತು. 1960ರ ದಶಕದ ನಡುವೆ ಬರ ಬಿದ್ದಾಗ ದೇಶ ಅಮೆರಿಕದ ಹಡಗಿನಲ್ಲಿ ಬರುವ ಗೋಧಿಗೆ ಕಾದು ಕೂತಿತ್ತು. ನಮ್ಮ ಗೋಧಿ ಎತ್ತರಕ್ಕೆ ಬೆಳೆಯುತ್ತಿತ್ತು. ಗೊಬ್ಬರ ಹೆಚ್ಚು ಕೊಟ್ಟರೆ ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿತ್ತು. ವಿಜ್ಞಾನಿ ನಾರ್ಮನ್ ಬೋರ್ಲಾಗ್ ಮೆಕ್ಸಿಕೊದಲ್ಲಿ ರೂಪಿಸಿದ ಗಿಡ್ಡ ತಳಿಯನ್ನು ಸ್ವಾಮಿನಾಥನ್ ಮತ್ತು ಸಂಗಡಿಗರು ಇಲ್ಲಿನ ನೆಲಕ್ಕೆ ಒಗ್ಗಿಸಿ, ರೈತರ ಹೊಲದಲ್ಲೇ ಬೆಳೆದು ತೋರಿಸಿದರು. 1965ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ಗೋಧಿ ಉತ್ಪಾದನೆ 1968ಕ್ಕೆ 1.6 ಕೋಟಿ ಟನ್ ದಾಟಿತು.

ಈ ಹಸಿರು ಕ್ರಾಂತಿಯಿಂದ ಪಂಜಾಬಿನ ಅಂತರ್ಜಲ ಬತ್ತಿತು, ಮಣ್ಣು ಬಳಲಿತು ಎನ್ನುವವರಿದ್ದಾರೆ. ಮಾತು ನಿಜ. ಆದರೆ ಆ ಅಪಾಯದ ಬಗ್ಗೆ 1968ರಲ್ಲೇ, ಗೆಲುವಿನ ಹೊತ್ತಿನಲ್ಲೇ, ಎಚ್ಚರಿಸಿದವರೂ ಸ್ವಾಮಿನಾಥನ್ ಅವರೇ. ಕೇಳದೆ ಹೋದವರು ನೀತಿ ರೂಪಿಸಿದವರು. ಸ್ವಾಮಿನಾಥನ್ ಅವರ ಇನ್ನೊಂದು ಮಾತೂ ಪೂರ್ತಿ ನಡೆದಿಲ್ಲ. ಬೆಂಬಲ ಬೆಲೆ ಉತ್ಪಾದನಾ ವೆಚ್ಚಕ್ಕಿಂತ ಕನಿಷ್ಠ ಶೇ 50 ಹೆಚ್ಚಿರಲಿ ಎಂದು 2006ರಲ್ಲಿ ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ ಹೇಳಿತ್ತು. ಒಂದೂವರೆ ಪಟ್ಟು ಕೊಡುತ್ತಿದ್ದೇವೆ ಎನ್ನುತ್ತದೆ ಸರ್ಕಾರ. ಆ ಲೆಕ್ಕದಲ್ಲಿ ಸ್ವಂತ ಜಮೀನಿನ ಗೇಣಿ, ಸ್ವಂತ ಸ್ಥಿರ ಬಂಡವಾಳದ ಬಡ್ಡಿ ಸೇರಿಲ್ಲ. ಭಾರತ ರತ್ನ ಘೋಷಣೆಯಾದದ್ದು ಫೆಬ್ರವರಿ 9ಕ್ಕೆ. 13ಕ್ಕೆ ಪಂಜಾಬಿನ ರೈತರು ಇದೇ ಬೆಲೆ ಕೇಳಿ ದೆಹಲಿಯತ್ತ ಹೊರಟಿದ್ದರು.