ಬರಿಗಾಲಿನ ಆಟಗಾರ ಅಹಮದ್ ಖಾನರು

ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲುಮಾರ್ಗವು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಹಾದು ಸಾಗುತ್ತದೆ. ಕೆಲವು ತಿಂಗಳ ಹಿಂದೆ ಆ ಗಾಡಿಯಲ್ಲಿ ಪ್ರಯಾಣ ಮಾಡುವ ಪ್ರಸಂಗವು ನಮಗೆ ಒದಗಿತ್ತು. ಕೊಟ್ಟೂರಿನ ಸಮೀಪದಲ್ಲಿ, ಜೋಳ ಕೊಯ್ದ ಹೊಲವೊಂದರಲ್ಲಿ ಹತ್ತು ಹನ್ನೆರಡು ಹುಡುಗರು ಕಾಲ್ಚೆಂಡಾಡುತ್ತಿದ್ದುದನ್ನು ಕಂಡೆವು. ಕೂಳೆಗಳು ಇನ್ನೂ ನಿಂತಿದ್ದ ಆ ನೆಲದಲ್ಲಿ ಒಬ್ಬನ ಕಾಲಿಗೂ ಬೂಟಿರಲಿಲ್ಲ. ಚಪ್ಪಲಿಗಳೆಲ್ಲ ಗೋಲಿನ ಗುರುತಿಗಾಗಿ ಎರಡು ಕಡೆ ರಾಶಿ ಬಿದ್ದಿದ್ದವು. ಒಬ್ಬನ ಅಂಗಿಯ ಬೆನ್ನ ಮೇಲೆ ಅರ್ಜೆಂಟೀನಾ ದೇಶದ ಮೆಸ್ಸಿಯ ಹೆಸರು ಎದ್ದು ಕಾಣುತ್ತಿತ್ತು. ಹುಡುಗನಲ್ಲಿ ತಪ್ಪೇನೂ ಇಲ್ಲ. ಗುಣವಿದ್ದಲ್ಲಿ ಮನಸ್ಸು ಹೋಗುವುದು ಸಹಜವೇ. ಆದರೆ ಅವನಂತೆಯೇ ಬರಿಗಾಲಿನಲ್ಲಿ ಆಡಿ, ಜಗತ್ತಿನ ರಾಷ್ಟ್ರಗಳೆಲ್ಲ ನೆರೆದಿದ್ದ ಕಣದಲ್ಲಿ ಭಾರತದ ಹೆಸರಿಗೆ ಗೋಲು ಹೊಡೆದವರು ನಮ್ಮ ನಾಡಿನವರೇ ಇಬ್ಬರಿದ್ದರೆಂಬುದನ್ನು ಆ ಹುಡುಗನಿಗೆ ಯಾರಾದರೂ ಹೇಳಿರಬಹುದೇ ಎಂಬ ಪ್ರಶ್ನೆಯು ಗಾಡಿಯು ಹರಪನಹಳ್ಳಿಯನ್ನು ಮುಟ್ಟುವವರೆಗೂ ನಮ್ಮನ್ನು ಬಿಡಲಿಲ್ಲ.

ಸ್ವತಂತ್ರ ಭಾರತವು ಒಲಿಂಪಿಕ್ ಕ್ರೀಡೆಗಳ ಕಾಲ್ಚೆಂಡಿನಾಟದಲ್ಲಿ ಹೊಡೆದ ಮೊದಲನೆಯ ಗೋಲು 1948ರಲ್ಲಿ ಲಂಡನ್ನಿನಲ್ಲಿ ಬಿದ್ದಿತು. ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್ನರು. ಎರಡನೆಯದು 1952ರಲ್ಲಿ ಹೆಲ್ಸಿಂಕಿಯಲ್ಲಿ. ಹೊಡೆದವರು ಬೆಂಗಳೂರಿನ ಅಹಮದ್ ಖಾನರು. ಆ ಎರಡು ಕೂಟಗಳಲ್ಲಿ ನಮ್ಮ ದೇಶಕ್ಕೆ ದೊರೆತ ಗೋಲುಗಳು ಈ ಎರಡೇ. ಈ ಸಂಗತಿಯನ್ನು ಕಲ್ಕತ್ತೆಯ ಮುದುಕರು ಬಾಯಿಪಾಠವಾಗಿ ಹೇಳಬಲ್ಲರು. ಕೂಡ್ಲಿಗಿ ಹಡಗಲಿಗಳಲ್ಲಿ ಕೇಳಿದರೆ, ವಿದ್ಯಾವಂತರೂ ಮುಖ ಮುಖ ನೋಡಿಕೊಳ್ಳುವರು.

ಇದಕ್ಕೊಂದು ಚಾರಿತ್ರಿಕ ಕಾರಣವೂ ಇಲ್ಲದಿಲ್ಲ. ಅಹಮದ್ ಖಾನರು ಮೈಸೂರಿನ ಆಟಗಾರರೆಂದು ಹೆಸರು ಪಡೆಯುತ್ತಿದ್ದಾಗ ನಮ್ಮ ಈ ಸೀಮೆಯು ಮದರಾಸಿನ ಆಡಳಿತಕ್ಕೆ ಸೇರಿತ್ತು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಕೂಡಿಕೊಂಡದ್ದು 1953ರ ಅಕ್ಟೋಬರ್ 1ರಂದು. ಮೈಸೂರು ತಂಡವು 1946ರಲ್ಲಿಯೂ, ಮತ್ತೆ 1952ರಲ್ಲಿಯೂ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಾಗ, ಆ ಗೆಲುವು ಕಾಗದಪತ್ರದ ಲೆಕ್ಕದಲ್ಲಿ ನಮ್ಮದಾಗಿರಲಿಲ್ಲ. ರಾಜ್ಯವು ಒಂದಾಯಿತು, ಜಿಲ್ಲೆಗಳ ಎಲ್ಲೆಯೂ ಹಲವು ಸಲ ಬದಲಾಯಿತು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದರೂ ಅತ್ತಣ ನೆನಪುಗಳು ಇತ್ತ ಬಂದು ಸೇರಲಿಲ್ಲ.

ಅಹಮದ್ ಖಾನರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಆ ಊರಿನ ದಂಡು ಪ್ರದೇಶದಲ್ಲಿ ಈ ಆಟವನ್ನು ತಂದಿಟ್ಟವರು ಗೋರಾ ಸೋಲ್ಜರರು. ಅವರು ಬೂಟು ಹಾಕಿಕೊಂಡು ಆಡಿದುದನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರು, ಸಂಜೆ ಅದೇ ಆಟವನ್ನು ಬರಿಗಾಲಿನಲ್ಲಿ ಆಡಿದರು. ಬಹುಬೇಗನೆ ಶಿಷ್ಯರು ಗುರುಗಳನ್ನು ಮೀರಿಸಿದರು. ಗೋರಾ ಪಲ್ಟನ್ನುಗಳ ಸ್ವತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲಬಾರಿಗೆ ಭಾರತೀಯರದೇ ಆದ ತಂಡವೊಂದು ಗೆದ್ದುಕೊಂಡಿತು; ಅದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಮರುವರ್ಷವೂ ಕಪ್ಪು ಅವರ ಕೈಯಲ್ಲಿಯೇ ಉಳಿಯಿತು. ಆಗ ಅಹಮದರು ಹತ್ತು ಹನ್ನೊಂದು ವರ್ಷದ ಬಾಲಕರು. ಮನೆತನವೇ ಕಾಲ್ಚೆಂಡಾಟದ್ದು, ತಂದೆಯೂ ಸೋದರರೂ ಆಡಿದವರು. ಆ ಕೇರಿಯಲ್ಲಿ ಹುಟ್ಟಿದ ಹುಡುಗನಿಗೆ ನಡೆಯುವುದಕ್ಕೆ ಮುಂಚೆ ಚೆಂಡು ಒದೆಯಲು ಬರುತ್ತಿತ್ತೆಂದರೆ ಅತಿಶಯೋಕ್ತಿಯೆಂದು ವಾಚಕರು ತಳ್ಳಿಹಾಕಬಾರದು.

1948ರ ಜುಲೈ 31ರಂದು ಲಂಡನ್ನಿನ ಹತ್ತಿರದ ಇಲ್‌ಫರ್ಡಿನಲ್ಲಿ ಭಾರತವು ಫ್ರಾನ್ಸನ್ನು ಎದುರಿಸಿತು. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಆಟಗಾರರಲ್ಲಿ ಬಹುಮಂದಿ ಬರಿಗಾಲಿನವರು. ಹೆಚ್ಚೆಂದರೆ ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡವರು. ಫ್ರಾನ್ಸು ಮೊದಲು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷಕ್ಕೆ ರಾಮನ್ನರು ಅದನ್ನು ಸರಿಗಟ್ಟಿದರು. ನಮಗೆ ಎರಡು ಪೆನಾಲ್ಟಿಗಳು ದೊರೆತವು, ಎರಡೂ ವ್ಯರ್ಥವಾದವು. ಆಟ ಮುಗಿಯಲು ಒಂದು ನಿಮಿಷವಿರುವಾಗ ಫ್ರಾನ್ಸು ಎರಡನೆಯ ಗೋಲು ಹೊಡೆದು ಗೆದ್ದಿತು. ಸೋತ ತಂಡಕ್ಕೆ ಅಲ್ಲಿಯ ಜನರು ಮಾಡಿದ ಕರತಾಡನವು ಬಹುಕಾಲ ಪತ್ರಿಕೆಗಳಲ್ಲಿ ವರ್ಣಿತವಾಯಿತು. ಆ ದಿನ ಮುಂದಿನ ಸಾಲಿನಲ್ಲಿದ್ದ ಇಪ್ಪತ್ತೊಂದು ವರ್ಷದ ಅಹಮದ್ ಖಾನರ ಚೆಂಡಿನ ಹಿಡಿತವನ್ನು ಕಂಡವರು ಮರೆಯಲಿಲ್ಲ. ಚೆಂಡು ಅವರ ಪಾದದ ಸುತ್ತ ಪುಂಗಿಗೆ ಮರುಳಾದ ಹಾವಿನಂತೆ ಸುಳಿಯುತ್ತಿತ್ತಾದುದರಿಂದ ಅವರಿಗೆ ಹಾವಾಡಿಗನೆಂಬ ಅಡ್ಡಹೆಸರು ಬಂತು.

ಮರುವರ್ಷ ಅವರು ಕಲ್ಕತ್ತೆಗೆ ಹೋದರು. ಬೆಂಗಳೂರಿನಲ್ಲಿ ಆಟಗಾರರಿದ್ದರು; ಆಟಗಾರನನ್ನು ಸಾಕುವ ಸಂಘಗಳಿದ್ದುದು ಕಲ್ಕತ್ತೆಯಲ್ಲಿ. ಈಸ್ಟ್ ಬೆಂಗಾಲ್ ಸಂಘದ ಮುಂದಿನ ಸಾಲಿನಲ್ಲಿ ಆಗ ಐವರು ಕೂಡಿದರು: ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹಮದ್ ಖಾನ್. ಇವರಿಗೆ ಬಂಗಾಳದ ಜನರು ಕೊಟ್ಟ ಹೆಸರು ಪಂಚಪಾಂಡವರು. ಐವರೂ ದಕ್ಷಿಣದವರು, ಇಬ್ಬರು ಮುಸಲ್ಮಾನರು. ಸಂಘದ ಅಭಿಮಾನಿಗಳಾದರೋ ಬಹುಮಟ್ಟಿಗೆ ದೇಶವಿಭಜನೆಯಲ್ಲಿ ಪೂರ್ವ ಬಂಗಾಳದ ಮನೆಮಠಗಳನ್ನು ಬಿಟ್ಟು ಓಡಿಬಂದ ನಿರಾಶ್ರಿತರು. ಮತಕಲಹದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಆ ಜನರು, ಬೆಂಗಳೂರಿನ ಮುಸಲ್ಮಾನ ಯುವಕನೊಬ್ಬನು ತಮ್ಮ ಸಂಘದ ಅಂಗಿ ತೊಟ್ಟು ಬಂದಾಗ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಆ ಕಾಲದ ರಾಜಕೀಯ ಭಾಷಣಗಳನ್ನು ಓದಿದವರಿಗೆ ಈ ದೃಶ್ಯದ ಬೆಲೆ ಏನೆಂಬುದು ತಿಳಿಯದೆ ಇರಲಾರದು. 1949, 1950, 1951 ಹೀಗೆ ಮೂರು ವರ್ಷ ಬಿಡದೆ ಈಸ್ಟ್ ಬೆಂಗಾಲ್ ಐ. ಎಫ್. ಎ. ಶೀಲ್ಡನ್ನು ಗೆದ್ದಿತು, 1951, 1952ರಲ್ಲಿ ಡ್ಯುರಾಂಡ್ ಕಪ್ಪನ್ನು ಗೆದ್ದಿತು. 1953ರಲ್ಲಿ ಸಂಘವು ರುಮೇನಿಯಾ, ರಷ್ಯಾ ದೇಶಗಳಿಗೂ ಹೋಗಿಬಂದಿತು. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲನೆಯ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕವನ್ನು ಪಡೆದ ಭಾರತ ತಂಡದಲ್ಲಿಯೂ ಅಹಮದ್ ಖಾನರಿದ್ದರು.

ಇನ್ನು ಹೆಲ್ಸಿಂಕಿ. 1952ರ ಜುಲೈ 15ರಂದು ಎದುರಾಳಿಯಾಗಿ ಬಂದದ್ದು ಯುಗೊಸ್ಲಾವಿಯಾ. ಆ ಕೂಟದಲ್ಲಿ ಬೆಳ್ಳಿಯ ಪದಕವನ್ನು ಪಡೆದ ಬಲಾಢ್ಯ ತಂಡ. ಹತ್ತಕ್ಕೆ ಒಂದು ಗೋಲಿನಿಂದ ನಾವು ಸೋತೆವು. ಆ ಒಂದು, ಆಟ ಮುಗಿಯುವ ಹೊತ್ತಿಗೆ, ಎಂಬತ್ತೊಂಬತ್ತನೆಯ ನಿಮಿಷದಲ್ಲಿ, ಅಹಮದ್ ಖಾನರು ಹೊಡೆದದ್ದು. ಈ ಸೋಲಿಗೆ ಬರಿಗಾಲೇ ಕಾರಣವೆಂದು ಹೇಳಿ ಮುಗಿಸುವುದು ವಾಡಿಕೆ. ನಮಗೆ ಅದು ಸಂಪೂರ್ಣವಾಗಿ ಒಪ್ಪಿಗೆಯಿಲ್ಲ. ಉತ್ತರದ ಚಳಿ, ತಣ್ಣಗಿನ ಜಾರುವ ಹುಲ್ಲು, ಮೊಳೆಬೂಟಿನ ಎದುರು ಬರಿಯ ಪಾದ ಇವೆಲ್ಲ ನಿಜ. ಆದರೆ ನಮ್ಮಲ್ಲಿ ಆಗ ಪಂದ್ಯಗಳು ಸಾಮಾನ್ಯವಾಗಿ ಎಪ್ಪತ್ತು ನಿಮಿಷದವು, ಅಲ್ಲಿಯದು ತೊಂಬತ್ತು ನಿಮಿಷದ್ದು. ನಮ್ಮವರದು ಒಬ್ಬೊಬ್ಬನ ಚಾತುರ್ಯದ ಆಟ, ಅವರದು ಹನ್ನೊಂದು ಜನ ಒಂದೇ ಯಂತ್ರವಾಗಿ ಆಡುವ ಆಟ. ಬೂಟು ಕೊಟ್ಟಿದ್ದರೂ ಸೋಲುತ್ತಿದ್ದೆವು. ಹತ್ತು ಗೋಲು ಆಗುತ್ತಿರಲಿಲ್ಲ, ಅಷ್ಟೇ. ಆ ಸೋಲಿನ ತರುವಾಯ ಬೂಟು ಕಡ್ಡಾಯವಾಯಿತು. 1950ರ ವಿಶ್ವಕಪ್ಪಿಗೆ ನಾವು ಹೋಗದೆ ಉಳಿದದ್ದು ಬರಿಗಾಲಿಗೆ ನಿಷೇಧವಿದ್ದುದರಿಂದಲೇ ಎಂಬ ಕಥೆಯೂ ಇಂತಹುದೇ. ಒಲಿಂಪಿಕ್ಕಿನ ಮುಂದೆ ವಿಶ್ವಕಪ್ಪು ಹಿರಿದೆಂಬ ಅರಿವೇ ನಮ್ಮ ಅಧಿಕಾರಿಗಳಿಗೆ ಇರಲಿಲ್ಲವೆಂಬುದು ಹೆಚ್ಚು ನಂಬತಕ್ಕ ವಿವರಣೆ.

ಹೆಲ್ಸಿಂಕಿಯಲ್ಲಿ ನಮ್ಮ ಮೇಲೆ ನಾಲ್ಕು ಗೋಲು ಹೊಡೆದವನ ಹೆಸರು ಬ್ರಾಂಕೊ ಜೆಬೆಟ್ಸ್. ಆಡುವ ವಯಸ್ಸು ಮುಗಿದ ಮೇಲೆ ಈತನು ಜರ್ಮನಿಯಲ್ಲಿ ತರಬೇತುದಾರನಾದನು. 1969ರಲ್ಲಿ ಮ್ಯೂನಿಕಿನ ಬಾಯರ್ನ್ ತಂಡಕ್ಕೆ ಲೀಗನ್ನೂ ಕಪ್ಪನ್ನೂ ಒಟ್ಟಿಗೆ ಗೆಲ್ಲಿಸಿಕೊಟ್ಟನು. 1979ರಲ್ಲಿ ಹ್ಯಾಂಬರ್ಗಿಗೂ ಲೀಗನ್ನು ತಂದುಕೊಟ್ಟನು. ಒಂದೇ ದಿನ, ಒಂದೇ ಹುಲ್ಲಿನ ಮೇಲೆ ಓಡಿದ ಇಬ್ಬರಲ್ಲಿ ಒಬ್ಬನ ವಿದ್ಯೆಯು ಒಂದು ದೇಶಕ್ಕೆ ಬಂಡವಾಳವಾಯಿತು.

ಜರ್ಮನಿಯವರದೇ ಆದ ಇನ್ನೊಬ್ಬ ಆಟಗಾರನನ್ನು ಇಲ್ಲಿ ನೆನೆಯುವುದು ಉಚಿತ. ಫ್ರಿಟ್ಸ್ ವಾಲ್ಟರನು 1920ರಲ್ಲಿ ಕೈಸರ್ಸ್‌ಲೌಟರ್ನ್ ಎಂಬ ಸಾಮಾನ್ಯ ಪಟ್ಟಣದಲ್ಲಿ ಹುಟ್ಟಿದವನು. ಯುದ್ಧಕ್ಕೆ ಹೋಗಿ, ಸೋತ ಸೈನ್ಯದೊಡನೆ ರಷ್ಯನರ ಸೆರೆಯಾಳಾದನು. ಸೆರೆಯ ಶಿಬಿರದಲ್ಲಿ ಚೆಂಡಾಡುತ್ತಿದ್ದಾಗ ಕಾವಲುಗಾರನೊಬ್ಬನು ಇವನ ಗುರುತು ಹಿಡಿದುದರಿಂದಲೇ ಸೈಬೀರಿಯದ ಪಾಲಾಗದೆ ಉಳಿದನೆಂದು ಹೇಳುತ್ತಾರೆ. ಊರಿಗೆ ಮರಳಿ ತನ್ನ ಊರಿನ ಸಂಘಕ್ಕೇ ಆಡಿದನು. ಸ್ಪೇನಿನ ದೊಡ್ಡ ಸಂಘವೊಂದು ಹಣ ತೋರಿಸಿ ಕರೆದರೂ ಹೋಗಲಿಲ್ಲ. ಆ ದಿನಗಳಲ್ಲಿ ಜರ್ಮನಿಯ ಆಟಗಾರರಿಗೆ ಸಿಗುತ್ತಿದ್ದ ಸಂಬಳ ಅಲ್ಪ. ವಾಲ್ಟರನು ಬಟ್ಟೆ ಒಗೆಯುವ ಅಂಗಡಿಯನ್ನೂ ಒಂದು ಸಿನಿಮಾ ಮಂದಿರವನ್ನೂ ನಡೆಸಿ ಜೀವಿಸಿದನು. 1954ರ ಜುಲೈ 4ರಂದು ಬರ್ನ್ ನಗರದಲ್ಲಿ, ಸುರಿಯುವ ಮಳೆಯಲ್ಲಿ, ಅವನ ನಾಯಕತ್ವದ ತಂಡವು ಅಜೇಯವೆನಿಸಿದ್ದ ಹಂಗೇರಿಯನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಿತು. ಆ ದಿನ ಜರ್ಮನರ ಬೂಟುಗಳಿಗೆ ಒದ್ದೆ ನೆಲಕ್ಕೆ ತಕ್ಕಂತೆ ತಿರುಪು ಹಾಕಿ ಬದಲಿಸುವ ಉದ್ದನೆಯ ಮೊಳೆಗಳಿದ್ದವು. ಎರಡು ವರ್ಷಗಳ ಹಿಂದಷ್ಟೇ ನಮ್ಮವರು ಬರಿಗಾಲಿನಲ್ಲಿ ಹೆಲ್ಸಿಂಕಿಯ ಹುಲ್ಲಿನ ಮೇಲೆ ಜಾರಿದ್ದರು.

ವಾಲ್ಟರನು 1959ರಲ್ಲಿ ಆಟವನ್ನು ಬಿಟ್ಟನು. ಆಮೇಲೆ ಸೆರೆಮನೆಗಳಿಗೆ ಹೋಗಿ ಕೈದಿಗಳೊಡನೆ ಮಾತನಾಡುವ ಸೇವಾಕಾರ್ಯದಲ್ಲಿ ತೊಡಗಿದನು. ಅವನು ಬದುಕಿದ್ದಾಗಲೇ, 1985ರಲ್ಲಿ, ಊರಿನವರು ತಮ್ಮ ಕ್ರೀಡಾಂಗಣಕ್ಕೆ ಅವನ ಹೆಸರಿಟ್ಟರು. 2002ರ ಜೂನ್‌ನಲ್ಲಿ ತೀರಿಕೊಂಡನು. 2006ರ ವಿಶ್ವಕಪ್ಪಿನ ಪಂದ್ಯಗಳು ಅದೇ ಕ್ರೀಡಾಂಗಣದಲ್ಲಿಯೂ ನಡೆದವು.

ಅಹಮದ್ ಖಾನರು ಈಸ್ಟ್ ಬೆಂಗಾಲನ್ನು ಬಿಟ್ಟದ್ದೂ 1959ರಲ್ಲಿಯೇ. ಹತ್ತು ವರ್ಷ ಒಂದೇ ಸಂಘಕ್ಕೆ ಆಡಿದ್ದರು. ಕ್ರೀಡಾಪಟುಗಳಿಗೆ ಸರ್ಕಾರವು ಅರ್ಜುನ ಪ್ರಶಸ್ತಿಯನ್ನು ಕೊಡತೊಡಗಿದ್ದು 1961ರಲ್ಲಿ. ಅಷ್ಟರೊಳಗೆ ಅವರ ಉಜ್ವಲ ದಿನಗಳು ಮುಗಿದಿದ್ದವು. ಹುಟ್ಟೂರಿಗೆ ಮರಳಿದ ಅವರು ಸದ್ದುಗದ್ದಲವಿಲ್ಲದೆ ದೀರ್ಘಕಾಲ ಬದುಕಿದರು. 1948ರ ಜೊತೆಗಾರರು ಒಬ್ಬೊಬ್ಬರಾಗಿ ಹೋದರು. ಲಂಡನ್ನಿನಲ್ಲಿ ಪೆನಾಲ್ಟಿ ತಪ್ಪಿದ್ದ ಶೈಲೇನ ಮನ್ನಾ ಅವರು 2012ರಲ್ಲಿ ತೀರಿಕೊಂಡರು. ಅಹಮದ್ ಖಾನರು 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ, ತೊಂಬತ್ತು ವರ್ಷ ತುಂಬಿದ ವಯಸ್ಸಿನಲ್ಲಿ, ದೈವಾಧೀನರಾದರು. ಅರುವತ್ತು ವರ್ಷಗಳ ಹಿಂದೆ ಆಡಿ ಹೋದ ಹೊರನಾಡಿನವನೊಬ್ಬನನ್ನು ಕಲ್ಕತ್ತೆಯು ತನ್ನವನೆಂದೇ ನೆನೆಯಿತು. ಬೆಂಗಳೂರಿನ ಹಲಸೂರಿನ ಬಳಿಯ ಗೌತಮಪುರವೆಂಬ ಬಡಾವಣೆಯಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯಿದೆ. ಆ ಬಡಜನರ ಆಟದ ಪ್ರೀತಿಯನ್ನು ನಾವು ಆದರಿಸುತ್ತೇವೆ. ಅಹಮದ್ ಖಾನರ ಪ್ರತಿಮೆಯನ್ನು ಮಾತ್ರ ನಾವು ಎಲ್ಲಿಯೂ ಕಂಡಿಲ್ಲ.

ಪ್ರತಿಮೆಗಾಗಿ ಈ ಲೇಖನವನ್ನು ಬರೆದುದಲ್ಲ. ನಮ್ಮ ಐದು ತಾಲ್ಲೂಕುಗಳ ಅಧಿಕಾರಿಗಳಲ್ಲಿಯೂ ಊರ ಹಿರಿಯರಲ್ಲಿಯೂ ನಮ್ಮ ಬಿನ್ನಹವು ಬೇರೆ. ತಾಲ್ಲೂಕು ಪಟ್ಟಣಗಳ ಆಟದ ಬಯಲುಗಳ ಸ್ಥಿತಿಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಜಾತ್ರೆಯ ಅಂಗಡಿಗಳು ಅಲ್ಲಿಯೇ, ಚುನಾವಣೆಯ ಸಭೆಗಳು ಅಲ್ಲಿಯೇ, ಮಂತ್ರಿಗಳ ಹೆಲಿಕಾಪ್ಟರು ಇಳಿಯುವುದೂ ಅಲ್ಲಿಯೇ. ಪೆಂಡಾಲಿನವರು ಅಗೆದ ಗುಳಿಗಳು ಮುಂದಿನ ಮಳೆಗಾಲದವರೆಗೂ ಹಾಗೆಯೇ ಇರುತ್ತವೆ. ಬಯಲಿನ ಒಂದಂಚನ್ನು ಯಾವುದಾದರೂ ಕಚೇರಿಯ ಕಟ್ಟಡಕ್ಕೆ ಕೊಡುವುದು ಎಲ್ಲರಿಗೂ ಸುಲಭವಾಗಿ ತೋರುತ್ತದೆ; ಏಕೆಂದರೆ ಅಲ್ಲಿ ಆಡುವ ಹುಡುಗರು ಅರ್ಜಿ ಬರೆಯುವುದಿಲ್ಲ. ತಾಲ್ಲೂಕಿಗೊಂದು ಬಯಲನ್ನಾದರೂ ಅಳೆಸಿ, ಎಲ್ಲೆಕಲ್ಲು ನೆಡಿಸಿ, ಆಟದ ಹೊರತು ಅನ್ಯಕಾರ್ಯಕ್ಕೆ ಕೊಡಕೂಡದೆಂದು ದಫ್ತರದಲ್ಲಿ ಬರೆಸಿಡುವುದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಶಾಲೆಗೆ ಇಪ್ಪತ್ತೆರಡು ಜೊತೆ ಬೂಟುಗಳ ಖರ್ಚು ಒಂದು ದಿನದ ಸನ್ಮಾನ ಸಮಾರಂಭದ ಹಾರ ಶಾಲುಗಳ ಖರ್ಚಿಗಿಂತ ಬಹಳ ಹೆಚ್ಚಾಗಲಾರದು. ಅಂತಹ ಒಂದು ಬಯಲಿಗೆ ಅಹಮದ್ ಖಾನರ ಹೆಸರನ್ನೋ ರಾಮನ್ನರ ಹೆಸರನ್ನೋ ಇಟ್ಟರೆ, ಮೆಸ್ಸಿಯ ಅಂಗಿ ತೊಟ್ಟ ಹುಡುಗನು ಅದು ಯಾರ ಹೆಸರೆಂದು ಕೇಳಿಯಾನು.

1968-69ರಲ್ಲಿ ಮೈಸೂರು ಗೆದ್ದ ಮೇಲೆ ಸಂತೋಷ್ ಟ್ರೋಫಿಯು ನಮ್ಮ ರಾಜ್ಯಕ್ಕೆ ಮರಳಿ ಬರಲು ಐವತ್ತನಾಲ್ಕು ವರ್ಷ ಹಿಡಿಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಕರ್ನಾಟಕ ತಂಡವು ಮೇಘಾಲಯವನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿತು. ಕರ್ನಾಟಕವೆಂಬ ಹೆಸರಿನಲ್ಲಿ ಅದು ಮೊದಲನೆಯ ಗೆಲುವು. ಹಿಂದಿನವೆಲ್ಲ ಮೈಸೂರಿನ ಹೆಸರಿನವು. ಅಹಮದ್ ಖಾನರು ಆಗ ಇರಲಿಲ್ಲ. ಅವರು ಹೋಗಿ ಐದೂವರೆ ವರ್ಷಗಳಾಗಿದ್ದವು.