ಹೆಸರು ಒಂದೇ, ಕಾರ್ಡ್ ಬೇರೆ

ಹತ್ತಿ ಮಾರಿದ ದುಡ್ಡಿನಲ್ಲಿ ಅಪ್ಪ ನನಗೆಂದು 20 ಸಾವಿರ ತೆಗೆದಿಟ್ಟಿದ್ದರು. ಗ್ರಾಫಿಕ್ಸ್ ಕಾರ್ಡ್ ಬೇಕು ಅಂದಿದ್ದೆ. ‘ಗೇಮ್ ಆಡಾಕೇನು?’ ಎಂದು ಅವ್ವ ಕೇಳಿದಳು. ಸುಳ್ಳು ಯಾಕೆ ಹೇಳಲಿ, ಅದೂ ಸ್ವಲ್ಪ ಇತ್ತು. ಆದರೆ ಮುಖ್ಯ ಕಾರಣ ಬಿಇ ಪ್ರಾಜೆಕ್ಟ್. ಹತ್ತಿ ಎಲೆಯ ಫೋಟೊ ನೋಡಿ ಯಾವ ರೋಗ ಎಂದು ಹೇಳುವ ಪ್ರೋಗ್ರಾಂ ನನ್ನ ಪಾಲಿಗೆ ಬಂದಿತ್ತು. ಸಿರಸಂಗಿಯ ನಮ್ಮ ಹೊಲ, ಅಕ್ಕಪಕ್ಕದವರ ಹೊಲ ಎಲ್ಲ ಸುತ್ತಿ ಮೊಬೈಲಿನಲ್ಲಿ 3 ಸಾವಿರ ಎಲೆಗಳ ಫೋಟೊ ತೆಗೆದಿದ್ದೆ. ಮನೆಯಲ್ಲಿರುವುದು ಯಾವುದೋ ಆಫೀಸಿನಲ್ಲಿ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಅಷ್ಟೂ ಫೋಟೊಗಳನ್ನು ಒಂದು ಸುತ್ತು ಕಲಿಯಲು ಅದಕ್ಕೆ 11 ನಿಮಿಷ. ಅಂಥ ಐವತ್ತು ಸುತ್ತು ಬೇಕು. ಒಂದು ಸಣ್ಣ ತಪ್ಪಾದರೆ ಮತ್ತೆ ಮೊದಲಿನಿಂದ. ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆ ಕಾರ್ಡ್ ಸಿಗುತ್ತದೆ ನಿಜ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ಮಾಳಿಗೆ ಹತ್ತಬೇಕು.

ರಜೆಯಲ್ಲಿ ನೋಟ್‌ಬುಕ್ಕಿನ ಹಾಳೆಗೆ ಗೆರೆ ಹೊಡೆದು ಹೋಲಿಕೆ ಪಟ್ಟಿ ಮಾಡಿದೆ. ಎನ್ವಿಡಿಯಾದ ಆರ್‌ಟಿಎಕ್ಸ್ 3050, ಅದರ ಹಿಂದಿನ ಪೀಳಿಗೆಯ ಜಿಟಿಎಕ್ಸ್ 1660 ಸೂಪರ್, ಎಎಂಡಿಯ ಆರ್‌ಎಕ್ಸ್ 6600. ಕೋರ್‌ಗಳು ಕ್ರಮವಾಗಿ 2560, 1408, 1792. ಹಾಗಾದರೆ 3050 ಎಲ್ಲಕ್ಕಿಂತ ಜೋರು ಇರಬೇಕಲ್ಲ? ಆಟದ ಪರೀಕ್ಷೆಗಳಲ್ಲಿ 1660 ಸೂಪರ್ ಹೆಚ್ಚುಕಡಿಮೆ ಅದರ ಸಮಕ್ಕೆ ನಿಲ್ಲುತ್ತದೆ. ಆರ್‌ಎಕ್ಸ್ 6600 ಎರಡನ್ನೂ ದಾಟಿ ಹೋಗುತ್ತದೆ. ಕೋರ್ ಎನ್ನುವುದು ಕಿಲೋ, ಲೀಟರ್ ಥರದ ಅಳತೆಯಲ್ಲ. ಕಂಪನಿಯಿಂದ ಕಂಪನಿಗೆ, ಪೀಳಿಗೆಯಿಂದ ಪೀಳಿಗೆಗೆ ಅದರ ಎಣಿಕೆಯೇ ಬೇರೆ. ಒಬ್ಬರ ಮಾರು, ಇನ್ನೊಬ್ಬರ ಮೀಟರ್ ಇಟ್ಟುಕೊಂಡು ಹಗ್ಗ ಅಳೆದಂತೆ.

ಅದಕ್ಕಿಂತ ಕೆಲಸಕ್ಕೆ ಬರುವುದು ಮೆಮೊರಿಯ ವೇಗ. ಲೆಕ್ಕ ಸುಲಭ: ಬಸ್ಸಿನ ಅಗಲವನ್ನು ಮೆಮೊರಿಯ ವೇಗದಿಂದ ಗುಣಿಸಿ 8ರಿಂದ ಭಾಗಿಸಿ. 3050ಕ್ಕೆ 128 ಬಿಟ್, 14 ಗಿಗಾಬಿಟ್. ಅಂದರೆ ಸೆಕೆಂಡಿಗೆ 224 ಜಿಬಿ. 1660 ಸೂಪರ್‌ಗೆ 192 ಬಿಟ್, ಅದೇ 14. ಅಂದರೆ 336 ಜಿಬಿ. ನವಿಲುತೀರ್ಥ ಡ್ಯಾಂ ತುಂಬಿದರೂ ಕಾಲುವೆಯಲ್ಲಿ ಹಿಡಿಸುವಷ್ಟು ನೀರೇ ಹೊಲಕ್ಕೆ ಬರುವುದು, ಹಾಗೆ ಇದು.

ಇಷ್ಟೆಲ್ಲ ತಿಳಿದೂ ನಾನು 3050 ಅನ್ನೇ ಆರಿಸಿದೆ. ನಾನು ಬಳಸುವ ಪೈಟಾರ್ಚ್ ಎನ್ವಿಡಿಯಾದ ಕೂಡಾ ಮೇಲೆ ನೇರವಾಗಿ ಓಡುತ್ತದೆ. ಎಎಂಡಿಯ ಆರ್‌ಒಸಿಎಂ ಅಧಿಕೃತ ಪಟ್ಟಿಯಲ್ಲಿ 6600 ಇರಲಿಲ್ಲ. 1660 ಸೂಪರ್ ಹಳೆಯದು, ಸೆಕೆಂಡ್ಸ್‌ನಲ್ಲಿ ಮಾತ್ರ ಸಿಗುತ್ತಿತ್ತು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ‘3050 ಐತೇನ್ರೀ?’ ಎಂದೆ. ಇತ್ತು. ನಾನು ಅಂದುಕೊಂಡಿದ್ದಕ್ಕಿಂತ ಮೂರು ಸಾವಿರ ಕಡಿಮೆಗೇ ಇತ್ತು. ಚೌಕಾಶಿ ಗೆದ್ದೆನೆಂದು ಬಸ್ಸಿನಲ್ಲಿ ಎದೆ ಉಬ್ಬಿಸಿ ಕುಳಿತು ಬಂದೆ. ಮನೆಯಲ್ಲಿ ಪೆಟ್ಟಿಗೆ ಒಡೆದ ಮೇಲೆ ಮೂಲೆಯಲ್ಲಿದ್ದ ‘6 ಜಿಬಿ’ ಕಣ್ಣಿಗೆ ಬಿತ್ತು. ನನ್ನ ಪಟ್ಟಿಯಲ್ಲಿದ್ದದ್ದು 8 ಜಿಬಿಯದು.

ಬರೀ 2 ಜಿಬಿ ಮೆಮೊರಿ ಕಡಿಮೆ ಇದ್ದಿದ್ದರೆ ಸುಮ್ಮನಿರುತ್ತಿದ್ದೆ. 8 ಜಿಬಿಯ 3050 ಬಂದದ್ದು 2022ರ ಜನವರಿಯಲ್ಲಿ, 6 ಜಿಬಿಯದು 2024ರ ಫೆಬ್ರವರಿಯಲ್ಲಿ. ಎರಡನೆಯದರಲ್ಲಿ ಕೋರ್ 2304, ಬಸ್ 96 ಬಿಟ್, ಮೆಮೊರಿ ವೇಗ 168 ಜಿಬಿ. ಅಂದರೆ ಕಾಲುವೆಯಲ್ಲೇ ಕಾಲು ಭಾಗ ಕಡಿಮೆ. ಹೆಸರು ಮಾತ್ರ ಅದೇ. ಅಂಗಡಿಗೆ ಫೋನ್ ಮಾಡಿದರೆ, ‘3050 ಕೇಳಿದ್ರಿ, 3050 ಕೊಟ್ಟೇವಿ. ಬಾಕ್ಸ್ ಒಡದ ಮ್ಯಾಲ ವಾಪಸ್ ಇಲ್ರಿ’ ಎಂದರು. ಬಿಲ್ಲಿನಲ್ಲೂ ಬರೆದದ್ದು 3050 ಅಷ್ಟೇ.

ಅಪ್ಪ ಬೈಯಲಿಲ್ಲ. ‘ಬೀಜದ ಪಾಕೀಟ ತರೂಮುಂದ ಬರೇ ಹೆಸರ ನೋಡಿ ತರ್ತೀವೇನು? ಹಿಂದ ಮುಂದ ಹೊಳ್ಳಿಸಿ ನೋಡ್ತೀವಿಲ್ಲೋ’ ಎಂದರು. ಬೈದಿದ್ದರೇ ಚಲೋ ಇತ್ತು.

ಇಂಥದ್ದು ನನಗೊಬ್ಬನಿಗೇ ಆದದ್ದಲ್ಲ. ಜಿಟಿ 1030 ಎಂಬ ಸಣ್ಣ ಕಾರ್ಡಿನ ಒಂದು ಬಗೆಯಲ್ಲಿ ಜಿಡಿಡಿಆರ್5 ಮೆಮೊರಿ, ವೇಗ 48 ಜಿಬಿ. 2018ರಲ್ಲಿ ಬಂದ ಡಿಡಿಆರ್4 ಬಗೆಯಲ್ಲಿ 16.8 ಜಿಬಿ. ಮೂರನೇ ಒಂದು ಭಾಗ! ಎರಡಕ್ಕೂ ಒಂದೇ ಹೆಸರು. 2022ರಲ್ಲಿ ಇದೇ ಕಂಪನಿ ಆರ್‌ಟಿಎಕ್ಸ್ 4080 ಹೆಸರಿನಲ್ಲಿ 16 ಜಿಬಿ, 12 ಜಿಬಿ ಎಂದು ಎರಡು ಕಾರ್ಡ್ ಪ್ರಕಟಿಸಿತು. ಚಿಪ್‌ಗಳೇ ಬೇರೆ ಬೇರೆ ಎಂದು ಜನ ಗಲಾಟೆ ಮಾಡಿದ ಮೇಲೆ ಅಕ್ಟೋಬರಿನಲ್ಲಿ ಚಿಕ್ಕದನ್ನು ಹಿಂತೆಗೆದುಕೊಂಡಿತು. ಮುಂದೆ 2023ರ ಜನವರಿಯಲ್ಲಿ ಅದೇ 4070 ಟಿಐ ಆಗಿ ಬಂತು. ಲಕ್ಷದ ಹತ್ತಿರದ ಕಾರ್ಡಿಗೆ ಗಲಾಟೆ ಮಾಡುವವರಿದ್ದಾರೆ, ನಮ್ಮ ಹದಿನೈದು–ಇಪ್ಪತ್ತು ಸಾವಿರದ ಕಾರ್ಡಿಗೆ ಯಾರಿದ್ದಾರೆ?

ಸಿಟ್ಟಿನಲ್ಲೇ ಕಂಪ್ಯೂಟರ್ ಬಿಚ್ಚಿದೆ. ಆಗ ಇನ್ನೊಂದು ಗೊತ್ತಾಯಿತು. 8 ಜಿಬಿಯ 3050ಕ್ಕೆ 130 ವ್ಯಾಟ್ ಬೇಕು, ಅದಕ್ಕೆ ಪವರ್ ಸಪ್ಲೈನಿಂದ ಬೇರೆ ವೈರ್ ಕೊಡಬೇಕು, ಸಪ್ಲೈ 550 ವ್ಯಾಟ್‌ನದಿರಲಿ ಎಂಬುದು ಕಂಪನಿಯ ಸಲಹೆ. ನನ್ನ ಡಬ್ಬದಲ್ಲಿ ಆ ವೈರೇ ಇಲ್ಲ. ಸಪ್ಲೈ ಇರುವುದು 240 ವ್ಯಾಟ್. ನಾನು ಬಯಸಿದ ಕಾರ್ಡ್ ಸಿಕ್ಕಿದ್ದರೆ ಶೋಕೇಸಿನಲ್ಲಿ ಇಡಬೇಕಿತ್ತು. ಕೈಗೆ ಸಿಕ್ಕ 6 ಜಿಬಿ ಕಾರ್ಡಿಗೆ 70 ವ್ಯಾಟ್ ಸಾಕು, ಮದರ್‌ಬೋರ್ಡಿನ ಸ್ಲಾಟ್ 75ರವರೆಗೆ ಕೊಡುತ್ತದೆ. ಕಂಪನಿ ಇದಕ್ಕೂ 300 ವ್ಯಾಟ್ ಸಪ್ಲೈ ಕೇಳುತ್ತದೆ. ಪ್ರೊಸೆಸರ್, ಡಿಸ್ಕ್ ಎಲ್ಲ ಕೂಡಿಸಿ ಲೆಕ್ಕ ಹಾಕಿ, ಧೈರ್ಯ ಮಾಡಿ ಹಚ್ಚಿದೆ. ನಡೆಯುತ್ತಿದೆ. ಅಷ್ಟು ಕಾಲಂ ಎಳೆದವನು ವ್ಯಾಟ್‌ಗೆ ಒಂದು ಕಾಲಂ ಎಳೆದಿರಲಿಲ್ಲ. ಅಂಗಡಿಯವನ ಮೇಲಿನ ಸಿಟ್ಟು ಅರ್ಧ ಇಳಿಯಿತು. ಅರ್ಧ ಹಾಗೇ ಇದೆ.

11 ನಿಮಿಷದ ಸುತ್ತು 2 ನಿಮಿಷಕ್ಕೆ ಬಂತು. ಖುಷಿಯಾದರೂ ಅನುಮಾನ ಬಂದು ಎನ್ವಿಡಿಯಾ-ಎಸ್‌ಎಂಐ ಕಮಾಂಡ್ ಕೊಟ್ಟು ನೋಡಿದೆ. ಕಾರ್ಡ್ ದುಡಿಯುತ್ತಿದ್ದುದು ಶೇ 30ರಷ್ಟು ಮಾತ್ರ! ಉಳಿದ ಹೊತ್ತು ಸುಮ್ಮನೆ ಕಾಯುತ್ತಿತ್ತು. ಮೊಬೈಲಿನ ದೊಡ್ಡ ದೊಡ್ಡ ಫೋಟೊ ಬಿಚ್ಚಿ ಚಿಕ್ಕದು ಮಾಡಿ ಕೊಡುವಷ್ಟರಲ್ಲಿ ನಾಲ್ಕು ಕೋರಿನ ಹಳೇ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು. ಎಲ್ಲ ಫೋಟೊಗಳನ್ನು ಮೊದಲೇ ಒಮ್ಮೆ ಚಿಕ್ಕದು ಮಾಡಿ ಇಟ್ಟೆ. ಸುತ್ತು 35 ಸೆಕೆಂಡಿಗೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲ. 8 ಜಿಬಿ ಕಾರ್ಡ್ ಹಾಕಿದ್ದರೂ ಮೊದಲು ಅದೇ 2 ನಿಮಿಷ ತಗಲುತ್ತಿತ್ತು. ಮೆಮೊರಿಯ ಕೊರತೆ ಕಂಡದ್ದು ಒಂದೇ ಸಲ: 64 ಫೋಟೊ ಒಟ್ಟಿಗೆ ಕೊಟ್ಟರೆ ‘ಮೆಮೊರಿ ಸಾಲದು’ ಎಂದು ನಿಂತುಬಿಟ್ಟಿತು, 32 ಕೊಟ್ಟರೆ ಓಡಿತು.

ಮೊನ್ನೆ ಮುನವಳ್ಳಿಯ ಗೆಳೆಯ ಫೋನ್ ಮಾಡಿದ್ದ. ಲ್ಯಾಪ್‌ಟಾಪ್ ತಗೋತಾನಂತೆ, ಎರಡು ಅಂಗಡಿಯಲ್ಲಿ ಆರ್‌ಟಿಎಕ್ಸ್ 4060 ಇದೆ, ಒಂದರಲ್ಲಿ ಎಂಟು ಸಾವಿರ ಕಡಿಮೆ. ‘ಎರಡೂ 4060 ಅಂದ ಮ್ಯಾಲ ಕಮ್ಮಿದು ತಗೊಳ್ಳೇನು?’ ಎಂದ. ಲ್ಯಾಪ್‌ಟಾಪಿನ 4060ಕ್ಕೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಇಡಬಹುದು. 35ರದು 115ರದರ ಹತ್ತಿರವೂ ಬರುವುದಿಲ್ಲ. ಸ್ಪೆಸಿಫಿಕೇಷನ್ ಹಾಳೆಯ ಸಣ್ಣ ಅಕ್ಷರದಲ್ಲಿ ಟಿಜಿಪಿ ಎಂದು ಇರುತ್ತದೆ, ಎರಡರ ಫೋಟೊ ಹೊಡೆದು ಕಳಿಸು ಎಂದೆ. ‘ಅಂಗಡಿಯಾಂವ ಏನಂತಾನೋ’ ಎಂದು ನಾಚಿಕೊಂಡ. ಫೋಟೊ ಇನ್ನೂ ಬಂದಿಲ್ಲ.