ಸೋತ ಕಾಲಿಗೆ ವಿದ್ಯುತ್ತಿನ ಆಸರೆ: ಯಾರಿಗೆ ಫಲ, ಯಾರಿಗಿಲ್ಲ?

ಕುಂದಾಪುರ: ಪಾರ್ಶ್ವವಾಯು ಬಡಿದು ಕಾಲಿನ ಶಕ್ತಿ ಕುಂದಿದವರು, ತೆಂಗು-ಅಡಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಿಗೆ ಹೊಸಬರಲ್ಲ. ಇಂಥವರ ಮನೆಯವರಿಗೆ ಸಾಮಾನ್ಯವಾಗಿ ಸಿಗುವ ಸಲಹೆಗಳಲ್ಲಿ ‘ಕರೆಂಟು ಕೊಡಿಸಿ ನೋಡಿ’ ಎಂಬುದೂ ಒಂದು. ಈ ಚಿಕಿತ್ಸೆಗೆ ವೈಜ್ಞಾನಿಕ ಆಧಾರವಿದೆ. ಆದರೆ ಅದು ಎಲ್ಲರಿಗೂ ಒದಗುವಂಥದ್ದಲ್ಲ. ಹಾನಿಯಾಗಿರುವುದು ಎಲ್ಲಿ ಎಂಬುದರ ಮೇಲೆ ಫಲ ನಿಂತಿದೆ.

ಏನಿದು ತಂತ್ರ?

ನಡೆಯಬೇಕೆಂಬ ಆಜ್ಞೆ ಮೆದುಳಿನಲ್ಲಿ ಹುಟ್ಟಿ, ಬೆನ್ನುಹುರಿಯ ಮೂಲಕ ಇಳಿದು, ಅಲ್ಲಿಂದ ಹೊರಡುವ ನರಗಳಲ್ಲಿ ಸಾಗಿ ಸ್ನಾಯುವನ್ನು ತಲುಪುತ್ತದೆ. ಪಾರ್ಶ್ವವಾಯುವಿನಲ್ಲಿ ಕೆಡುವುದು ಮೆದುಳಿನ ಭಾಗ. ಕಾಲಿನ ನರ ಹಾಗೂ ಸ್ನಾಯು ಜೀವಂತವಾಗಿಯೇ ಇರುತ್ತವೆ. ಅವುಗಳಿಗೆ ಆಜ್ಞೆ ಬರುವುದು ಮಾತ್ರ ನಿಂತಿರುತ್ತದೆ.

ಚರ್ಮದ ಮೇಲೆ ಅಂಟಿಸಿದ ಪಟ್ಟಿಗಳ ಮೂಲಕ ಸೆಕೆಂಡಿಗೆ ಸುಮಾರು 20ರಿಂದ 50 ಬಾರಿ ಸಣ್ಣ ವಿದ್ಯುತ್ ಮಿಡಿತಗಳನ್ನು ಹಾಯಿಸಿ ಆ ನರವನ್ನು ಎಚ್ಚರಿಸುವುದೇ ಈ ವಿಧಾನ. ವೈದ್ಯರು ಇದನ್ನು ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್, ಚುಟುಕಾಗಿ ಎಫ್‌ಇಎಸ್ ಎನ್ನುತ್ತಾರೆ.

ಮೆಸ್ಕಾಂ ಲೈನು ಕಡಿದರೂ ಮನೆಯ ವಯರಿಂಗ್ ಸರಿಯಿದ್ದರೆ ಇನ್ವರ್ಟರ್‌ನಿಂದ ದೀಪ ಉರಿಸಬಹುದು. ವಯರಿಂಗೇ ಸುಟ್ಟುಹೋಗಿದ್ದರೆ ಇನ್ವರ್ಟರ್ ಇದ್ದೂ ಉಪಯೋಗವಿಲ್ಲ. ಎಫ್‌ಇಎಸ್ ಕೂಡ ಹಾಗೆಯೇ.

ಕಪ್ಪೆಯ ಕಾಲಿನಿಂದ ಪಾದರಕ್ಷೆಯವರೆಗೆ

ಸತ್ತ ಕಪ್ಪೆಯ ಕಾಲು ವಿದ್ಯುತ್ ಸ್ಪರ್ಶಕ್ಕೆ ಅದುರುವುದನ್ನು ಇಟಲಿಯ ಲುಯಿಜಿ ಗಾಲ್ವಾನಿ 1791ರಲ್ಲಿ ಪ್ರಕಟಿಸಿದ. ಅದನ್ನು ನಡಿಗೆಗೆ ಬಳಸಿಕೊಂಡವರು ಅಮೆರಿಕದ ವೈದ್ಯ ವ್ಲಾದಿಮಿರ್ ಲಿಬರ್‌ಸನ್ ಮತ್ತು ಸಂಗಡಿಗರು. 1961ರಲ್ಲಿ ಅವರು ವರದಿ ಮಾಡಿದ ಸಾಧನದಲ್ಲಿ ಪಾದರಕ್ಷೆಯ ಹಿಮ್ಮಡಿಯ ಭಾಗದಲ್ಲಿ ಒಂದು ಸ್ವಿಚ್ ಇತ್ತು. ಹಿಮ್ಮಡಿ ನೆಲ ಬಿಟ್ಟೊಡನೆ ಮೊಣಕಾಲಿನ ಕೆಳಗೆ, ಹೊರಬದಿಯಲ್ಲಿ ಸುತ್ತಿ ಸಾಗುವ ನರಕ್ಕೆ ವಿದ್ಯುತ್ ಹರಿದು ಪಾದದ ತುದಿ ಮೇಲೇಳುತ್ತಿತ್ತು. ಹಿಮ್ಮಡಿ ಮತ್ತೆ ನೆಲ ಮುಟ್ಟಿದಾಗ ವಿದ್ಯುತ್ ನಿಲ್ಲುತ್ತಿತ್ತು. ಪಾದ ಜೋತುಬಿದ್ದು ನೆಲಕ್ಕೆ ಎಡವುವ ‘ಫುಟ್ ಡ್ರಾಪ್’ ಸಮಸ್ಯೆಗೆ ಇಂದಿಗೂ ಬಳಕೆಯಲ್ಲಿರುವುದು ಇದೇ ತತ್ವ. ಮೆದುಳು ಅಥವಾ ಬೆನ್ನುಹುರಿಯ ತೊಂದರೆಯಿಂದ ಬಂದ ಫುಟ್ ಡ್ರಾಪ್‌ಗೆ ಇದನ್ನು ಬಳಸಬಹುದೆಂದು ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಮಾರ್ಗಸೂಚಿ ನೀಡಿದೆ.

ಕೈಯ ಹಿಡಿತ ಮರಳಿಸಲು ದೇಹದೊಳಗೆ ಅಳವಡಿಸುವ ‘ಫ್ರೀಹ್ಯಾಂಡ್’ ಸಾಧನಕ್ಕೆ ಅಮೆರಿಕ 1997ರಲ್ಲಿ ಅನುಮತಿ ಕೊಟ್ಟಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಅದರ ಕಂಪನಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು.

ಯಾರಿಗೆ ಪ್ರಯೋಜನವಿಲ್ಲ?

ಪೋಲಿಯೊದಲ್ಲಿ ಸ್ನಾಯುವಿಗೆ ಆಜ್ಞೆ ಒಯ್ಯುವ ನರಕೋಶವೇ ಸಾಯುತ್ತದೆ. ಕುಷ್ಠರೋಗದಲ್ಲಿ ಅಥವಾ ಅಪಘಾತದಲ್ಲಿ ಮೊಣಕಾಲ ಬಳಿಯ ನರವೇ ನಾಶವಾಗಿರಬಹುದು. ಇಂಥವರಿಗೆ ಎಫ್‌ಇಎಸ್ ಫಲ ಕೊಡದು. ಕುಷ್ಠರೋಗದಿಂದ ಪಾದ ಜೋತುಬಿದ್ದವರಿಗೆ ಸ್ನಾಯುರಜ್ಜುವನ್ನು ಸ್ಥಳಾಂತರಿಸುವ ಶಸ್ತ್ರಚಿಕಿತ್ಸೆ ಇದೆ.

ಮರದಿಂದ ಬಿದ್ದವರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎತ್ತರದಿಂದ ಬಿದ್ದಾಗ ಎದೆ ಮತ್ತು ಸೊಂಟದ ಕಶೇರುಗಳು ಕೂಡುವ ಭಾಗ ಮುರಿಯುವುದು ಹೆಚ್ಚು. ಬೆನ್ನುಹುರಿ ಮುಗಿಯುವುದೂ ಅಲ್ಲಿಯೇ. ಅದರ ಕೆಳಗಿರುವುದು ಕಾಲಿನತ್ತ ಇಳಿಯುವ ನರಗಳ ಗೊಂಚಲು. ಪೆಟ್ಟು ಆ ಗೊಂಚಲಿಗೆ ಬಿದ್ದಿದ್ದರೆ ಸ್ನಾಯುಗಳ ನರಸಂಪರ್ಕವೇ ಕಡಿದಿರುತ್ತದೆ. ಆದ್ದರಿಂದ ಒಂದೇ ಮರದಿಂದ ಬಿದ್ದ ಇಬ್ಬರಲ್ಲಿ ಒಬ್ಬರಿಗೆ ಈ ಚಿಕಿತ್ಸೆ ನೆರವಾಗಿ, ಮತ್ತೊಬ್ಬರಿಗೆ ಆಗದಿರಬಹುದು. ನರ್ವ್ ಕಂಡಕ್ಷನ್ ಮತ್ತು ಇಎಂಜಿ ಪರೀಕ್ಷೆಗಳು ಈ ವ್ಯತ್ಯಾಸವನ್ನು ತಿಳಿಸುತ್ತವೆ.

ಮಿತಿಗಳೇನು?

ಈ ಸಾಧನ ಕಡಿದ ನರವನ್ನು ಬೆಸೆಯುವುದಿಲ್ಲ. ವಿದ್ಯುತ್ತಿನಿಂದ ಕುಗ್ಗುವ ಸ್ನಾಯು ಸಹಜ ಚಲನೆಗಿಂತ ಬೇಗನೆ ದಣಿಯುತ್ತದೆ. ಪಾರ್ಶ್ವವಾಯು ಪೀಡಿತರನ್ನು ಕುರಿತು ಅಮೆರಿಕದಲ್ಲಿ ನಡೆದು 2013 ಮತ್ತು 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳು, ನಡಿಗೆಯ ವೇಗದಲ್ಲಿ ಈ ಸಾಧನಕ್ಕೂ ಪಾದಕ್ಕೆ ತೊಡಿಸುವ ಸಾಮಾನ್ಯ ಪ್ಲಾಸ್ಟಿಕ್ ಆಸರೆಗೂ ಗಮನಾರ್ಹ ಅಂತರವಿಲ್ಲವೆಂದು ಕಂಡುಕೊಂಡವು. ದುಬಾರಿ ಯಂತ್ರ ಕೊಳ್ಳಲು ಸಾಲ ಮಾಡುವ ಮುನ್ನ ಕುಟುಂಬಗಳು ಅರಿತಿರಬೇಕಾದ ಸಂಗತಿ ಇದು.

ದೂರವೂ ಒಂದು ಅಡಚಣೆ. 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ನರರೋಗ ಹಾಗೂ ಫಿಸಿಯೋಥೆರಪಿ ವಿಭಾಗಗಳಿವೆ. ಬ್ರಹ್ಮಾವರದವರಿಗೆ ಅದು ಸಮೀಪ. ಬೈಂದೂರಿನವರಿಗಾದರೋ ಸುಮಾರು 70 ಕಿ.ಮೀ. ಪ್ರಯಾಣ. ವಾರಗಟ್ಟಲೆ ಅಭ್ಯಾಸ ಬೇಡುವ ಚಿಕಿತ್ಸೆಗೆ ನಿತ್ಯ ಓಡಾಡುವುದು ಬಡ ಕುಟುಂಬಕ್ಕೆ ಅಸಾಧ್ಯ. ಒಮ್ಮೆ ತಜ್ಞರಿಂದ ತಪಾಸಣೆ ಮಾಡಿಸಿಕೊಂಡು, ವ್ಯಾಯಾಮಗಳನ್ನು ಕಲಿತು ಮನೆಯಲ್ಲೇ ಮುಂದುವರಿಸುವುದು ಪ್ರಾಯೋಗಿಕ ದಾರಿ. ಬೆನ್ನುಹುರಿ ಪೆಟ್ಟಾದವರ ಪುನಶ್ಚೇತನಕ್ಕೆಂದೇ ಬೆಳ್ತಂಗಡಿ ತಾಲೂಕಿನ ಸೌತಡ್ಕದಲ್ಲಿ ‘ಸೇವಾಧಾಮ’ ಕೇಂದ್ರವಿದೆ.

ಎಚ್ಚರಿಕೆ ಅಗತ್ಯ

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು, ಹತೋಟಿಗೆ ಬಾರದ ಅಪಸ್ಮಾರವುಳ್ಳವರು ವೈದ್ಯರ ಒಪ್ಪಿಗೆಯಿಲ್ಲದೆ ಇದನ್ನು ಬಳಸಕೂಡದು. ಸ್ಪರ್ಶಜ್ಞಾನವಿಲ್ಲದ ಚರ್ಮ ಸುಟ್ಟರೂ ತಿಳಿಯದು. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರಲ್ಲಿ ರಕ್ತದೊತ್ತಡ ದಿಢೀರನೆ ಏರಬಹುದು.

‘ಎಷ್ಟು ದಿನ ಕರೆಂಟು ಕೊಡಬೇಕು?’ ಎಂದು ಕೇಳುವುದಕ್ಕೆ ಮೊದಲು ‘ಕಾಲಿನ ನರ ಜೀವಂತವಿದೆಯೇ?’ ಎಂದು ವೈದ್ಯರನ್ನು ಕೇಳುವುದು ಒಳಿತು. ಅದಕ್ಕೆ ಸಿಗುವ ಉತ್ತರ ವ್ಯರ್ಥ ಖರ್ಚನ್ನೂ ಹುಸಿ ಭರವಸೆಯನ್ನೂ ತಪ್ಪಿಸಬಲ್ಲದು.